ಬೀಗತಿ, ಮಾಮಲೇದಾರ ಮತ್ತು ಸಿಂಪಿಗಿತ್ತಿ

ಹಬ್ಬಕ್ಕೆಂದು ಸೊಲ್ಲಾಪುರಕ್ಕೆ ಹೋಗಿ, ವಾರವಿಡೀ ಅವ್ವನ ಕೈಯಡಿಗೆ ಉಂಡು ಮೈ ಬೆಳೆಸಿಕೊಂಡು ಮಂಗಳವೇಢೆಗೆ ಮರಳಿದರೆ, ನನ್ನ ಬಾಡಿಗೆ ಖೋಲಿಯ ಬಾಗಿಲ ಕೀಲಿ ನನ್ನನ್ನು ಒಳಗೆ ಬಿಡಲೊಲ್ಲೆ ಎಂದಿತು. ಕೀಲಿಕೈ ಅರ್ಧ ಹೋಗಿ ನಿಂತುಬಿಟ್ಟಿತು. ಎಸ್.ಟಿ. ಮೋಟಾರಿನ ಧೂಳು ಮೈಮೇಲೆ ಹಾಗೆಯೇ ಇತ್ತು. ಕಂಕುಳಲ್ಲಿ ಶೇಂಗಾ ಹೋಳಿಗೆಯ ಗಂಟು. ಮನೆಯೊಡತಿ ಕಾಕೂ ಕನಿಕರಪಟ್ಟು ತಮ್ಮ ತಲೆಯ ಪಿನ್ನು ತೆಗೆದುಕೊಟ್ಟರು. ಅದರಿಂದ ಕೆದಕಿದರೆ ಕೀಲಿಯ ಹೊಟ್ಟೆಯೊಳಗಿಂದ ಒಂದು ಹಸಿರು ಎಲೆಯ ಸುರುಳಿ ಹೊರಬಂತು. ಕಿರುಬೆರಳಿನ ತುದಿಯಷ್ಟು ಗಾತ್ರ, ಪಾನಪಟ್ಟಿಯವನು ಕಟ್ಟಿದ ವಿಡಾದಂತೆ ಅಚ್ಚುಕಟ್ಟು. ಬಿಚ್ಚಿದರೆ ಒಳಗೆ ಹಳದಿ ಹಿಟ್ಟು.

ಕಾಕೂ ಎರಡು ಹೆಜ್ಜೆ ಹಿಂದೆ ಸರಿದರು.

"ಅರೇ ದೇವಾ! ಹಳದ! ಕೋಣೀತರೀ ಕರಣೀ ಕೇಲೀಯ!"

ಯಾರೋ ಮಾಟ ಮಾಡಿಸಿದ್ದಾರೆ, ಅರಿಷಿಣ ಸವರಿ ಎಲೆ ಕಟ್ಟಿ ಕೀಲಿಯೊಳಗೆ ತುರುಕಿದ್ದಾರೆ ಎಂದು ಕಾಕೂ ಆಗಲೇ ತೀರ್ಪು ಕೊಟ್ಟಾಗಿತ್ತು. ಊರಲ್ಲಿ ನಿನಗೆ ಹಗೆಗಳು ಯಾರು ಎಂದು ಕೇಳಿದರು. ನಾನು ಪ್ರಾಮಾಣಿಕವಾಗಿ ಯೋಚಿಸಿದೆ. ಅಂಚೆ ಮಾಸ್ತರರ ಕೆಮ್ಮನ್ನು ಅವರ ಕಿಟಕಿಯ ಮುಂದೆಯೇ ಕೆಮ್ಮಿ ತೋರಿಸಿದ್ದೆ. ಎಸ್.ಟಿ. ಕಂಡಕ್ಟರನ ದನಿಯಲ್ಲಿ "ಚಲಾ, ಪುಢಂ ಸರಕಾ", ನಡೀರಿ, ಮುಂದೆ ಸರೀರಿ, ಎಂದು ಕೂಗಿ ನಿಂತ ಮೋಟಾರಿನಲ್ಲಿ ಗದ್ದಲ ಎಬ್ಬಿಸಿದ್ದೆ. ಸ್ವತಃ ಕಾಕೂ ಭಾಜಿಯವಳ ಜೊತೆ ಚೌಕಾಸಿ ಮಾಡುವುದನ್ನು ಅವರ ಯಜಮಾನರಿಗೇ ಮಾಡಿ ತೋರಿಸಿದ್ದೆ. ಹೀಗೆ ನೋಡಿದರೆ ತಾಲೂಕಿನ ಅರ್ಧ ಜನಕ್ಕೆ ನನ್ನ ಮೇಲೆ ಮಾಟ ಮಾಡಿಸಲು ಸಕಾರಣವಿತ್ತು.

ಆದರೆ ಇದು ಮಾಟವಲ್ಲವೆಂದು ನನಗೆ ನೋಡಿದ ಕೂಡಲೇ ಗೊತ್ತಾಗಿತ್ತು. "ಹೆದರಬೇಡಿ ಕಾಕೂ, ಇದು ಸಿಂಪಿಗಿತ್ತಿಯ ಕೆಲಸ. ನಾನು ಇಲ್ಲದಾಗ ಬಂದುಹೋಗಿದ್ದಾಳೆ" ಎಂದೆ, ಮರಾಠಿಯಲ್ಲಿ.

ಕಾಕೂರ ಮುಖ ಬಿಗಿದುಕೊಂಡಿತು. "ಕೋಣ ಶಿಂಪೀಣ?"

ಯಾವ ಬಟ್ಟೆ ಹೊಲಿಯುವವಳು ಎಂದು ಕೇಳಿದ್ದರು. ಬ್ರಹ್ಮಚಾರಿಗೆ ಖೋಲಿ ಕೊಟ್ಟು ತಪ್ಪು ಮಾಡಿದೆನೇ ಎಂಬ ಪ್ರಶ್ನೆ ಆ ಎರಡು ಶಬ್ದಗಳಲ್ಲಿ ಇತ್ತು. ಸಿಂಪಿಗಿತ್ತಿ ಎಂದರೆ ಒಂದು ಜಾತಿಯ ಜೇನು, ಎಲೆ ಕತ್ತರಿಸಿ ಹಾಸಿಗೆ ಹೊಲಿದು ಅದರಲ್ಲಿ ತತ್ತಿ ಇಡುತ್ತಾಳೆ, ಆ ಹಳದಿ ಹುಟ್ಟುವ ಕೂಸಿಗೆಂದು ಕೂಡಿಸಿಟ್ಟ ಹೂವಿನ ಹಿಟ್ಟು ಎಂದು ತಿಳಿಸಿ ಹೇಳಬೇಕಾದರೆ ಹೋಳಿಗೆಯ ಗಂಟು ಅರ್ಧ ಖಾಲಿಯಾಯಿತು. ಕೊನೆಗೂ ಕಾಕೂ ನಂಬಲಿಲ್ಲ. ಒಂದು ಲಿಂಬೆಹಣ್ಣು ಇಳಿಸಿ ಬೀದಿಗೆ ಎಸೆದರು. ನಂಬದಿದ್ದದ್ದು ಅವರ ತಪ್ಪಲ್ಲ. ಬಾಯಿಂದ ಸುಳ್ಳು ದನಿಗಳನ್ನೇ ಹೊರಡಿಸುವವನು ಅಪರೂಪಕ್ಕೆ ನಿಜ ಹೇಳಿದರೆ ಯಾರು ನಂಬುತ್ತಾರೆ? ನೀವಾದರೂ ನಂಬುತ್ತೀರೆಂಬ ಧೈರ್ಯದ ಮೇಲೆ ಮುಂದಿನದನ್ನು ಬರೆಯುತ್ತಿದ್ದೇನೆ.

ಹುಳುಗಳನ್ನು ಗುರುತಿಸುವ ಈ ವಿದ್ಯೆ ನನಗೆ ಬಂದದ್ದು ಅಕ್ಕಲಕೋಟೆಯ ನನ್ನ ಅತ್ಯಾನಿಂದ. ಅತ್ಯಾ ಎಂದರೆ ಅಪ್ಪನ ಅಕ್ಕ. ಮಕ್ಕಳಿಲ್ಲ. ಮಾಮಾ, ಅಂದರೆ ಅವಳ ಗಂಡ, ಅಲ್ಲಿಯ ಕಚೇರಿಯಲ್ಲಿ ಹೆಡ್ ಕ್ಲಾರ್ಕು. ಸಂಸ್ಥಾನವಿದ್ದಾಗಲೂ ಅದೇ ಕುರ್ಚಿ, ಸಂಸ್ಥಾನ ಮುಳುಗಿದ ಮೇಲೂ ಅದೇ ಕುರ್ಚಿ. ಅವರು "ಚಹಾ ತರ್ರಿ" ಎಂದರೂ ಹುಕುಮನಾಮೆ ಓದಿದಂತಿರುತ್ತಿತ್ತು. ಅವರು ನಕ್ಕದ್ದನ್ನು ಕಂಡವರು ನಮ್ಮ ಬಳಗದಲ್ಲಿ ಯಾರೂ ಇಲ್ಲ. ಮದುವೆಯ ದಿನ ನಕ್ಕಿರಬಹುದು ಎಂದು ನಮ್ಮ ಅವ್ವ ಒಂದು ಗುಮಾನಿ ವ್ಯಕ್ತಪಡಿಸುತ್ತಿದ್ದಳು.

ಇಬ್ಬರ ಪಾಲಿನ ನಗೆಯನ್ನೂ ಅತ್ಯಾ ಒಬ್ಬಳೇ ನಗುತ್ತಿದ್ದಳು. ಆ ನಗೆಯ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಅದು ಬಾಯಿಯಿಂದ ಶುರುವಾಗುವ ನಗೆಯಲ್ಲ. ಮೊದಲು ಹೊಟ್ಟೆ ಸದ್ದಿಲ್ಲದೆ ಅಲುಗುವುದು. ಆಮೇಲೆ ಭುಜ. ಆಮೇಲೆ ತಲೆ ಹಿಂದೆ ಮುಂದೆ ತೂಗುವುದು. ಕಡೆಗೆ ದನಿ ಒಡೆದು, ಕೆಮ್ಮು ಹತ್ತಿ, ಕಣ್ಣಲ್ಲಿ ನೀರು ಸುರಿದು, ಅತ್ಯಾ ಇದ್ದಲ್ಲೇ ನೆಲಕ್ಕೆ ಕೂತುಬಿಡುವಳು. ನಾನು ಚಿಕ್ಕವನಿದ್ದಾಗ ಸಾಲಿಯ ಮಾಸ್ತರರು ನಶ್ಯ ಏರಿಸುವುದನ್ನು ಮಾಡಿ ತೋರಿಸಿದೆ. ಮಾಸ್ತರರು ಹೊಡೆದರು. ಮನೆಯಲ್ಲಿ ಅಪ್ಪನೂ ಹೊಡೆದ. ಆಗ ಸೊಲ್ಲಾಪುರಕ್ಕೆ ಬಂದಿದ್ದ ಅತ್ಯಾ ನನ್ನನ್ನು ಅಡಿಗೆಮನೆಗೆ ಕರೆದು, ಕಣ್ಣೊರೆಸಿ, "ಇನ್ನೊಮ್ಮಿ ಮಾಡು" ಎಂದಳು. ಮಾಡಿದೆ. ಹಂಚಿನ ಮೇಲಿನ ರೊಟ್ಟಿ ಸೀದು ಕರಕಲಾಗುವವರೆಗೆ ನಕ್ಕಳು. ಈ ಜನ್ಮದಲ್ಲಿ ನನಗೆ ಯಾರಾದರೂ ಉಪಕಾರ ಮಾಡಿದ್ದರೆ ಅದು ಆ "ಇನ್ನೊಮ್ಮಿ ಮಾಡು".

ಅಂಥ ಅತ್ಯಾನ ಒಂದು ಕಣ್ಣು ಹುಡುಗಿಯಾಗಿದ್ದಾಗಲೇ ದೇವಿ, ಅಂದರೆ ಸಿಡುಬು, ಬಂದು ಹೋಗಿತ್ತು. ಉಳಿದೊಂದು ಕಣ್ಣಿಗೆ ಪೊರೆ ಬೆಳೆಯಿತು. ನಮ್ಮ ಕಡೆ ಅದನ್ನು ಮೋತಿಬಿಂದು ಎನ್ನುತ್ತೇವೆ. ಹೆಸರು ಮುತ್ತಿನಂಥದು, ಮಾಡುವುದು ಕತ್ತಲೆ. ಒಂದು ವರ್ಷದ ಚಳಿಗಾಲದಲ್ಲಿ ಸೊಲ್ಲಾಪುರದ ಡಾಕ್ಟರರೊಬ್ಬರು ಅಕ್ಕಲಕೋಟೆಯ ಧರ್ಮಶಾಲೆಯಲ್ಲಿ ಕಣ್ಣಿನ ಶಿಬಿರ ಹೂಡಿದರು. ಅತ್ಯಾನ ಕಣ್ಣು ಕೊರೆದು ಪೊರೆ ತೆಗೆದು ಪಟ್ಟಿ ಕಟ್ಟಿದರು. ಮನೆ ಎರಡೇ ಗಲ್ಲಿಯಾಚೆ ಇದ್ದುದರಿಂದ ಹೊರಸಿನ ಮೇಲೆ ಮಲಗಿಸಿಯೇ ಒಯ್ಯಲು ಒಪ್ಪಿದರು. ಒಪ್ಪುವಾಗ ಬೆರಳು ಮಡಚುತ್ತ ಮರಾಠಿಯಲ್ಲಿ ನಾಲ್ಕು ಮಾತು ಹೇಳಿದರು: "ಹಸೂ ನಕಾ. ಖೋಕೂ ನಕಾ. ರಡೂ ನಕಾ. ಮಾನ ಹಲವೂ ನಕಾ." ನಗಬಾರದು, ಕೆಮ್ಮಬಾರದು, ಅಳಬಾರದು, ಕತ್ತು ಅಲುಗಿಸಬಾರದು. ಹೊಲಿಗೆ ಬಿಚ್ಚಿದರೆ ಕಣ್ಣು ಹೋಯಿತು. ಇನ್ನೊಂದು ಕಣ್ಣು ಇಲ್ಲವೇ ಇಲ್ಲ.

ಗಮನಿಸಿದಿರಾ? ಡಾಕ್ಟರರು ಬೇಡವೆಂದ ನಾಲ್ಕನ್ನೂ ಅತ್ಯಾನ ಒಂದು ನಗೆ ಒಟ್ಟಿಗೇ ಮಾಡುತ್ತಿತ್ತು. ಮತ್ತು ಅವಳ ಸೇವೆಗೆಂದು ಸೊಲ್ಲಾಪುರದಿಂದ ಕಳಿಸಲ್ಪಟ್ಟವನು ನಾನು. ಮನೆಯಲ್ಲಿ ಪರೀಕ್ಷೆ ನಪಾಸಾಗಿ ಬಿಡುವಾಗಿದ್ದವನು ನಾನೊಬ್ಬನೇ.

ಹೊರಸು ಹೊತ್ತು ತರುವಾಗಲೇ ಮೊದಲ ಗಂಡಾಂತರ ಒದಗಿತು. ಮುಂದೆ ಮಾಮಾ, ಹಿಂದೆ ಹೊರಸು ಹೊತ್ತ ನಾನು ಮತ್ತು ನೆರೆಯ ಮೂವರು, ನಡುವೆ ಬಿಳಿ ಚಾದರ ಹೊದ್ದು ಅಲುಗಾಡದೆ ಮಲಗಿದ ಅತ್ಯಾ. ಗಲ್ಲಿಯ ತಿರುವಿನಲ್ಲಿ ಗುಡಿಯಿಂದ ಬರುತ್ತಿದ್ದ ಮುದುಕರೊಬ್ಬರು ಚಪ್ಪಲಿ ಕಳಚಿ, ಕೈ ಮುಗಿದು, "ಪುಣ್ಯವಂತಿ. ಮುತ್ತೈದಿಯಾಗಿ ಹೋದಳು" ಎಂದರು. ಚಾದರದೊಳಗಿಂದ ಅತ್ಯಾ, ತುಟಿ ಮಾತ್ರ ಅಲುಗಿಸಿ, "ಎಲ್ಲೂ ಹೋಗಿಲ್ಲಪಾ, ಮನಿಗಿ ಹೊಂಟೀನಿ" ಎಂದಳು. ಮುದುಕರು ಚಪ್ಪಲಿ ಅಲ್ಲೇ ಬಿಟ್ಟು ನಡೆದರು. ನಾವು ನಾಲ್ವರೂ ನಗೆ ನುಂಗಹೋದೆವು, ಹೊರಸು ತೂಗತೊಡಗಿತು.

"ಹೊರಸ ಅಳಗ್ಯಾಡಬಾರದು!" ಎಂದು ಮಾಮಾ ಗುಡುಗಿದರು. ಮನೆ ಮುಟ್ಟಿದ ಮೇಲೆ ನನ್ನನ್ನು ಪಡಸಾಲೆಗೆ ಕರೆದು ಹುಕುಮು ಹೊರಡಿಸಿದರು: "ಇವತ್ತಿಂದ ಈ ಮನ್ಯಾಗ ನಗೂದು ಬಂದ್. ನಗಸೂದೂ ಬಂದ್. ನಿನ್ನ ಮಾರಿ ಆಕೀಗಿ ಕಾಣಂಗಿಲ್ಲ, ಪುಣ್ಯೇವು. ನಿನ್ನ ದನೀನೂ ಕೇಳಬಾರದು. ತಿಳೀತಿಲ್ಲೋ?"

ತಿಳಿಯಿತು. ಆದರೆ ನಾನು ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ಹೋಗಿ ನೀರಿನ ತಂಬಿಗೆ ಇಟ್ಟರೂ ಅತ್ಯಾನ ತುಟಿಯ ಮೂಲೆ ನಡುಗುತ್ತಿತ್ತು. ನಾನು ಇದ್ದೇನೆಂಬುದೇ ಅವಳಿಗೆ ನಗೆಯ ಕಾರಣವಾಗಿತ್ತು. ಮಾಮಾ ನನ್ನ ರಟ್ಟೆ ಹಿಡಿದು ಹಿತ್ತಲಿಗೆ ತಳ್ಳಿದರು. "ಕರೀತನಕ ಇಲ್ಲೇ ಕೂಡು."

ಹೀಗೆ ನನಗೆ ಹಿತ್ತಲಿನ ಶಿಕ್ಷೆಯಾಯಿತು. ಹಿತ್ತಲೆಂದರೆ ಬಹಳ ದೊಡ್ಡದಲ್ಲ. ಬಿಳಿಮಣ್ಣಿನ ಗೋಡೆ, ಒಂದು ಸಾಲು ಬದನೆಗಿಡ, ತುಳಸಿ, ಒಂದು ಗುಲಾಬಿ, ಬಿದಿರಿನ ಚಪ್ಪರಕ್ಕೆ ಹಬ್ಬಿದ ಹೀರೆಬಳ್ಳಿ, ಪಾತ್ರೆ ತಿಕ್ಕುವ ಕಲ್ಲು. ಕಲ್ಲಿನ ಎದುರಿಗೇ ಅತ್ಯಾ ಮಲಗಿದ ಕೋಣೆಯ ಕಿಟಕಿ. ಮಧ್ಯಾಹ್ನ ಮಾಮಾ ಕಚೇರಿಗೆ ಹೋದ ಮೇಲೆ ಕಿಟಕಿಯೊಳಗಿಂದ ಸಣ್ಣ ದನಿ ಬಂತು.

"ಸಿದ್ಯಾ, ಹಿತ್ತಲದಾಗ ಯಾರ್ ಯಾರ್ ಬಂದಾರೋ?"

"ಯಾರೂ ಇಲ್ಲ ಅತ್ಯಾ. ಬಾಗಲಾ ಹಾಕ್ಯಾದ."

"ಬಾಗಲದಿಂದ ಬರವರನ್ನ ಯಾರ ಕೇಳ್ಯಾರ? ಬದನಿ ಹೂವಿನಾಗ ನೋಡು. ಈ ಹೊತ್ತಿನಾಗ ಬೀಗತಿ ಬರಬೇಕು."

ನೋಡಿದೆ. ಒಂದು ಜೇನು ಇತ್ತು. ಜೇನು ಎಂದರೆ ಜೇನು ಎಂದುಕೊಂಡಿದ್ದ ಕಾಲ ಅದು. ಬಾಯಿ ಸುಮ್ಮನಿರದೆ "ಗುಂಯ್" ಎಂದೆ. ಎಂದವನೇ ಎದೆ ಹಿಡಿದುಕೊಂಡೆ, ನಕ್ಕುಬಿಟ್ಟಳೋ ಎಂದು. ಒಳಗೆ ನಗೆಯಿಲ್ಲ. ಲೆಕ್ಕ ತಪ್ಪಿದ ಹುಡುಗನಿಗೆ ಹೇಳುವಂತೆ, "ಇದು ಸೊಲ್ಲಾಪುರ ಗಿರಣಿ ಭೋಂಗಾ ಊದಿದಂಗ ಆತು. ಬೀಗತಿ ಹಂಗ ಒದರಂಗಿಲ್ಲ. ನೆಟ್ಟಗ ಕೇಳಿ ಇನ್ನೊಮ್ಮಿ ಮಾಡು" ಎಂದಳು.

ಆಗ ನನಗೆ ಒಂದು ಸಂಗತಿ ಹೊಳೆಯಿತು. ಮನುಷ್ಯರ ದನಿ ತೆಗೆದರೆ ಅತ್ಯಾ ನಗುತ್ತಾಳೆ. ಹುಳುಗಳ ದನಿ ತೆಗೆದರೆ ಪರೀಕ್ಷೆ ತೆಗೆದುಕೊಳ್ಳುತ್ತಾಳೆ. ಪರೀಕ್ಷೆಯಲ್ಲಿ ನಗೆ ಎಲ್ಲಿಯದು? ನನ್ನಂಥವನಿಗೂ ಈ ಮನೆಯಲ್ಲಿ ಅಪಾಯವಿಲ್ಲದ ಒಂದು ಕೆಲಸ ಸಿಕ್ಕಿತು.

ಹೀಗೆ ಶುರುವಾಯಿತು ನಮ್ಮ ಆಟ. ನಾನು ಹಿತ್ತಲಲ್ಲಿ ಕೂತು ನೋಡುವುದು, ಕಿವಿಗೊಡುವುದು, ಆಮೇಲೆ ಕಿಟಕಿಗೆ ಬಾಯಿ ಹಚ್ಚಿ ದನಿ ತೆಗೆಯುವುದು. ಅವಳು ಯಾರೆಂದು ಹೇಳುವುದು. ವರ್ಷ ವರ್ಷ ಕಣ್ಣು ಮಂಜಾದಂತೆ ಅತ್ಯಾ ಅವುಗಳನ್ನು ಕಿವಿಯಿಂದ ಗುರುತಿಸುವುದನ್ನು ರೂಢಿ ಮಾಡಿಕೊಂಡಿದ್ದಳು. ಹೆಸರುಗಳೆಲ್ಲ ಅವಳವೇ.

ಬೀಗತಿಯ ಹೊಟ್ಟೆಯ ಮೇಲೆ ಜರದ ಸೀರೆಯ ಅಂಚಿನಂತೆ ಹೊಳೆಯುವ ಪಟ್ಟೆಗಳು. ಯಾವ ಹೂವಿನಲ್ಲೂ ನೆಟ್ಟಗೆ ಕೂಡುವವಳಲ್ಲ. ಬಂದಳು, ಮೂಗು ಮುರಿದಳು, ಮುಂದಿನ ಮನೆಗೆ ಹೋದಳು. ಹಾರುವಾಗ ಒಂದು ದನಿ. ಬದನೆ ಹೂವನ್ನು ಅಪ್ಪಿ ಹಿಡಿದು ಮೈ ನಡುಗಿಸುವಾಗ ಅದಕ್ಕಿಂತ ಮೇಲಿನ, ಚುರುಕಾದ ಇನ್ನೊಂದು ದನಿ. "ಬದನಿ ಹೂವು ಜಿಪುಣ ಇರತಾವೋ. ಹಿಡದ ಜಾಡಿಸಿದರನ ಹಿಟ್ಟು ಕೊಡತಾವ. ಆಕಿ ಬರದಿದ್ದರ ನಿಮ್ಮ ಮಾಮಾಗ ಎಣ್ಣಿಗಾಯಿ ಎಲ್ಲೀದು?" ಎಂದು ಅತ್ಯಾ ಪಾಠ ಹೇಳಿದಳು. ಆ ಎರಡು ದನಿಗಳ ನಡುವಿನ ಏರಿಕೆ ಹಿಡಿಯಲು ನನಗೆ ಸಾಕುಸಾಕಾಯಿತು. ಸಂಗೀತ ಕಲಿತಿದ್ದರೆ ಇಷ್ಟು ಕಷ್ಟಪಡುತ್ತಿರಲಿಲ್ಲ. ಕಲಿಸಲು ಯಾರೂ ಒಪ್ಪಿರಲಿಲ್ಲ ಎಂಬುದು ಬೇರೆ ಮಾತು.

ಮಾಮಲೇದಾರ ಎಂದರೆ ಚಪ್ಪರದ ಬಿದಿರು ಕೊರೆದು ಮನೆ ಮಾಡುವ ದೊಡ್ಡ ಕರಿಯ ದುಂಬಿ. "ಘೂಂ" ಎಂದು ದರ್ಬಾರಿನ ಗತ್ತಿನಿಂದ ಬಂದು, ಮೋರೆಯ ಮುಂದೆ ನಿಂತು, ಯಾರು ನೀನು, ಏಕೆ ಬಂದೆ ಎಂದು ವಿಚಾರಣೆ ಮಾಡಿ, ಏನೂ ಮಾಡದೆ ಹೋಗುತ್ತಿತ್ತು. ಸಂಜೆ ಮಾಮಾ ಇದನ್ನು ಕೇಳಿ ಬೆವತು, "ಹಂಗ ಅನಬ್ಯಾಡ್ರಿ, ಯಾರರ ಕೇಳ್ಯಾರು" ಎಂದರು. ಅವರ ಕಚೇರಿಯ ಸಾಹೇಬರೇ ತಾಲೂಕಿನ ಮಾಮಲೇದಾರರು. ನಗೆಯಿಲ್ಲದ ಆಟವೆಂದು ತಿಳಿದ ಮೇಲೆ ಅದಕ್ಕೆ ಅಡ್ಡಿ ಮಾತ್ರ ಮಾಡಲಿಲ್ಲ.

ಸಿಂಪಿಗಿತ್ತಿಯನ್ನು ಕಾಕೂರ ದಯೆಯಿಂದ ನೀವು ಬಲ್ಲಿರಿ. ಗುಲಾಬಿ ಎಲೆಯ ಅಂಚಿನಲ್ಲಿ ಬಿಲ್ಲೆಯಾಕಾರ ಕತ್ತರಿಸಿಕೊಂಡು, ಕಾಲಸಂದಿಯಲ್ಲಿ ಮಡಚಿ ಹಿಡಿದು, ಭಾರಕ್ಕೆ ದನಿ ತಗ್ಗಿ ಹಾರುವಳು. "ಹಿಟ್ಟು ಎಲ್ಲಿ ಹಚಗೊಂಡಾಳ ನೋಡು. ಬೀಗತಿ ಕಾಲಿಗಿ ಹಚಗೋತಾಳ. ಹೊಟ್ಟಿ ತಳಗ ಹಳದಿ ಇದ್ದರ ಸಿಂಪಿಗಿತ್ತಿ." ನೆಲಕ್ಕೆ ಗಲ್ಲ ಹಚ್ಚಿ ಮಲಗಿ ಹುಳುವಿನ ಹೊಟ್ಟೆಯ ತಳ ನೋಡಿದೆ. ಹಳದಿ! ಪರೀಕ್ಷೆಯ ಫಲಿತಾಂಶದಲ್ಲಿ ನನ್ನ ನಂಬರು ಕಂಡಿದ್ದರೂ ಅಷ್ಟು ಕುಣಿಯುತ್ತಿರಲಿಲ್ಲವೇನೋ.

ಇನ್ನೊಂದು ತೀರ ಸಣ್ಣದು, ಬೆವತ ಮುಂಗೈ ಮೇಲೆ ಬಂದು ಕೂತು ನೆಕ್ಕುತ್ತಿತ್ತು. ಅದರ ಸಪ್ಪಳವೇ ಇಲ್ಲ. ಕಿಟಕಿಗೆ ಬಾಯಿ ಹಚ್ಚಿ ಏನೂ ಮಾಡದೆ ನಿಂತೆ.

"ಉಪ್ಪುಗಳ್ಳಿ" ಎಂದಳು ಅತ್ಯಾ.

"ಹೆಂಗ ತಿಳೀತು?"

"ನೀನು ಸುಮ್ಮ ನಿಂತಿ ಅಂದ್ರ ಮತ್ತ್ಯಾರ ಇರತಾರ?"

ಒಂದು ದಿನ ಹೊಸಬರನ್ನು ಹಿಡಿದೆನೆಂದು ಬೀಗಿದೆ. ತುಳಸಿಯ ಎದುರು ಗಾಳಿಯಲ್ಲಿ ನೇತುಹಾಕಿದಂತೆ ಒಂದೇ ಕಡೆ ನಿಂತಿತ್ತು. ಮೈಮೇಲೆ ಹಳದಿ ಕಪ್ಪು ಪಟ್ಟೆ. ಅತ್ಯಾ ಕೇಳಿದಳು: "ರೆಕ್ಕಿ ಎಷ್ಟವ?" ಎರಡೇ. "ಕಣ್ಣು?" ತಲೆತುಂಬ. "ಅದು ಜೇನಲ್ಲೋ ಖೋಡಿ, ನೊಣಾ. ಜೇನಿನ ಸೋಂಗ ಹಾಕ್ಯಾದ. ಕಚ್ಚಾಕ ಬರಂಗಿಲ್ಲ, ದುಡ್ಯಾಕ ಬರಂಗಿಲ್ಲ, ಬರೇ ವೇಷ. ನಿಮ್ಮ ಪೈಕಿನ ಅದು."

ಅಂದಿನಿಂದ ಆ ನೊಣಕ್ಕೆ ಸಿದ್ಯಾ ಎಂದೇ ಹೆಸರಾಯಿತು.

ಜೇನುತುಪ್ಪದ ಆಸೆಯಿಂದ ನಾನೊಮ್ಮೆ ಇವುಗಳ ಹುಟ್ಟು ಎಲ್ಲಿದೆ ಎಂದು ಕೇಳಿದ್ದೆ. "ಇವಕ್ಕ ಹುಟ್ಟೂ ಇಲ್ಲ, ರಾಣೀನೂ ಇಲ್ಲ. ಒಬ್ಬಕೀನ ಇರತಾಳ. ತನ್ನ ಮನಿ ತಾನ ಕಟ್ಟತಾಳ, ಕೂಸಿಗಿ ಉಣ್ಣಾಕ ಇಟ್ಟು ಬಾಗಲಾ ಮುಚ್ಚಿ ಹೋಗಿಬಿಡತಾಳ" ಎಂದಳು. ಮಾಮಾ ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವರು. ಅತ್ಯಾ ಪಾಪ ಅಕ್ಕಲಕೋಟೆಯಲ್ಲಿ ದಿನವಿಡೀ ಒಬ್ಬಳೇ ಎಂದು ನಮ್ಮ ಮನೆಯಲ್ಲಿ ಮರುಗುತ್ತಿದ್ದರು. ಇಷ್ಟು ಬಳಗವಿದ್ದದ್ದು ನಮಗೇನು ಗೊತ್ತು!

ಪಟ್ಟಿ ಬಿಚ್ಚುವ ಹಿಂದಿನ ದಿನ ಭಾನುವಾರ. ಮಾಮಾ ಮನೆಯಲ್ಲಿಯೇ ಇದ್ದರು. ನಾನು ಮಾತ್ರ ಮನೆಯಲ್ಲಿ ಇದ್ದೂ ಇಲ್ಲದಂತಿದ್ದೆ. ಪೇಟೆಯಲ್ಲಿ ಕದ್ದು ಬರ್ಫದ ಗೋಳಾ ತಿಂದು ಗಂಟಲು ಕೂತುಹೋಗಿತ್ತು. ಕೆಂಪು ಬಣ್ಣ ನಾಲಗೆಯ ಮೇಲೆ ಸಾಕ್ಷಿ ಹೇಳುತ್ತಿತ್ತು. ಹುಳು ಹೋಗಲಿ, ನನ್ನದೇ ದನಿ ಹೊರಡದು. ಮಧ್ಯಾಹ್ನವಾಯಿತು. ಅತ್ಯಾ ಚಡಪಡಿಸತೊಡಗಿದಳು. ಮಲಗಿ ಮಲಗಿ ಬೆನ್ನು ಉರಿಯುತ್ತಿತ್ತು, ನಾಳೆ ಏನಾಗುವುದೋ ಎಂಬ ದಿಗಿಲಿತ್ತು. ಆ ಎರಡನ್ನೂ ಮರೆಸುತ್ತಿದ್ದ ಆಟ ಇರಲಿಲ್ಲ.

"ಸಿದ್ಯಾ, ಯಾರೂ ಬಂದಿಲ್ಲೇನೋ ಇವತ್ತ?" ಎಂದು ಕತ್ತು ಕಿಟಕಿಯ ಕಡೆ ಹೊರಳಿಸಹೋದಳು.

"ಏ ಏ, ಅಳಗ್ಯಾಡಬ್ಯಾಡ!" ಮಾಮಾ ಎರಡೂ ಕೈಯಿಂದ ಅವಳ ತಲೆ ಹಿಡಿದರು. ನನ್ನ ಕಡೆ ನೋಡಿದರು. ನಾನು ಬಾಯಿ ತೆರೆದು ಗಂಟಲು ತೋರಿಸಿದೆ. ಮಾಮಾ ನಿಂತು ಯೋಚಿಸಿದರು. ಗೂಟದ ಮೇಲಿನ ಕರಿ ಟೋಪಿ ತೆಗೆದು ತಲೆಗಿಟ್ಟುಕೊಂಡರು, ಟೋಪಿಯಿಲ್ಲದೆ ಅವರು ಯಾವ ಸರಕಾರಿ ಕೆಲಸವನ್ನೂ ಮಾಡಿದವರಲ್ಲ. ಹಿತ್ತಲಿಗೆ ಹೋಗಿ ಚಪ್ಪರದ ಕೆಳಗೆ ಕೈಕಟ್ಟಿ ನಿಂತು ಬಂದರು. ಹೊರಸಿನ ಪಕ್ಕದಲ್ಲಿ ನೆಟ್ಟಗೆ ನಿಂತು, ಗಂಟಲು ಸರಿಮಾಡಿಕೊಂಡು, ಜಾಹೀರನಾಮೆ ಓದುವ ದನಿಯಲ್ಲಿ ಬಿಡಿಬಿಡಿಯಾಗಿ ಹೇಳಿದರು:

"ಝೂಂ. ಝೂಂ."

ನಾನು ಅತ್ಯಾನ ಹೊಟ್ಟೆಯ ಕಡೆ ನೋಡಿದೆ. ಚಾದರ ಅಲುಗುತ್ತಿತ್ತು.

ಮಾಮಾಗೆ ಅದು ತಿಳಿಯಲಿಲ್ಲ. ಕೇಳಿಸಲಿಲ್ಲವೆಂದುಕೊಂಡು ಮತ್ತೊಮ್ಮೆ, ಸ್ವಲ್ಪ ಏರಿಸಿ, "ಝೂಂ!" ಎಂದರು. ಆಮೇಲೆ ಕಚೇರಿಯ ಶಿಸ್ತಿನಿಂದ ತಾವೇ ವಿವರಣೆ ಕೊಟ್ಟರು: "ಮಾಮಲೇದಾರ ಸಾಹೇಬರು ಬಂದಾರ."

ಅತ್ಯಾನ ಭುಜ ನಡುಗಿತು. ಹೊಟ್ಟೆ, ಭುಜ, ಇನ್ನು ಉಳಿದದ್ದು ತಲೆ. ಕೂಗೋಣವೆಂದರೆ ನನಗೆ ದನಿಯಿಲ್ಲ. ಹಾರಿ ಹೋಗಿ ಮಾಮಾನ ಬಾಯಿಯನ್ನು ನನ್ನ ಅಂಗೈಯಿಂದ ಮುಚ್ಚಿಬಿಟ್ಟೆ. ಹಿರಿಯರ ಬಾಯಿ! ಮೀಸೆ ಸಹಿತ! ಮಾಮಾನ ಕಣ್ಣು ಕೆಂಡವಾಯಿತು, ಮರುಗಳಿಗೆ ನನ್ನ ನೋಟ ಹಿಡಿದು ಚಾದರದ ಕಡೆ ಹೊರಳಿತು, ಅಲ್ಲೇ ಬೂದಿಯಾಯಿತು.

ಅವರು ಮೊಣಕಾಲೂರಿ ಕೂತು ಅತ್ಯಾನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದರು. ನಮ್ಮ ಮನೆಗಳಲ್ಲಿ ಗಂಡ ಹೆಂಡಿರು ಹುಡುಗರ ಎದುರು ಕೈ ಹಿಡಿಯುವ ಪದ್ಧತಿ ಇಲ್ಲ. "ನಗಬ್ಯಾಡ" ಎಂದರು. ಅದು ಹುಕುಮಾಗಿರಲಿಲ್ಲ. "ನನ್ನ ಸಲುವಾಗಿ ನಗಬ್ಯಾಡ. ನಾ ತಪ್ಪ ಮಾಡೀನಿ. ಇನ್ನ ಮಾಡಂಗಿಲ್ಲ."

ಅತ್ಯಾ ಚಾದರದ ಅಂಚನ್ನು ಹಲ್ಲಿನಿಂದ ಕಚ್ಚಿ ಹಿಡಿದಳು. ಮೂಗಿನಿಂದ ಉದ್ದುದ್ದ ಉಸಿರು ಬಿಟ್ಟಳು. ಭುಜ ನಿಂತಿತು. ಬಹಳ ಹೊತ್ತಿನ ಮೇಲೆ ಹೊಟ್ಟೆಯೂ ನಿಂತಿತು. ಪಟ್ಟಿಯ ಕೆಳಗೆ ಏನಾಗಿದೆಯೋ ಯಾರಿಗೆ ಗೊತ್ತು? ಆ ರಾತ್ರಿ ಉಂಡವರು ಯಾರೂ ಇಲ್ಲ.

ಮರುದಿನ ಡಾಕ್ಟರರು ಬಂದರು. ಕಿಟಕಿಗೆ ಕಂಬಳಿ ಕಟ್ಟಿಸಿ, ಪಟ್ಟಿ ಬಿಚ್ಚಿ, ಬತ್ತಿ ಹಿಡಿದು ಬಾಗಿ ನೋಡಿದರು. ಮಾಮಾ ಗೋಡೆಗೆ ಆತು ನಿಂತಿದ್ದರು, ಇಲ್ಲದಿದ್ದರೆ ಬಿದ್ದಿರುತ್ತಿದ್ದರು. "ಟಾಕಾ ಠೀಕ ಆಹೆ" ಎಂದರು ಡಾಕ್ಟರರು. ಹೊಲಿಗೆ ಗಟ್ಟಿಯಿದೆ. ಆಮೇಲೆ ಬೆರಳು ತೋರಿಸಿ, "ಕಿತೀ?"

"ತೀನ" ಎಂದಳು ಅತ್ಯಾ.

ಮೂರೇ ಇದ್ದವು. ಅವಳ ಕಣ್ಣು ಡಾಕ್ಟರರನ್ನು ಬಿಟ್ಟು ನಿಧಾನಕ್ಕೆ ಗೋಡೆಯ ಕಡೆ ಹೋಯಿತು. ಎಲ್ಲವೂ ನೀರಿನೊಳಗಿಂದ ಕಂಡಂತೆ ಕಾಣುತ್ತಿತ್ತಂತೆ. ಆದರೂ ಗುರುತು ಹಿಡಿದಳು.

"ಏನ್ರೀ... ನಿಮ್ಮ ಮೀಸಿ ಇಷ್ಟ ಯಾವಾಗ ಬೆಳ್ಳಗಾದ್ವು?"

"ನಿನ್ನಿ" ಎಂದರು ಮಾಮಾ.

ನಾನು ನಗಲಿಲ್ಲ. ಅತ್ಯಾನೂ ನಗಲಿಲ್ಲ. ನಕ್ಕವರು ಡಾಕ್ಟರರೊಬ್ಬರೇ, ಅವರಿಗೆ ಕನ್ನಡ ಬರುತ್ತದೆಂದು ನಮಗೆ ತಿಳಿದದ್ದು ಆಗಲೇ.

ಕಣ್ಣಿನ ಗಾಯ ಪೂರ ಮಾಗಿದ ಮೇಲೆ ಸೊಲ್ಲಾಪುರದಲ್ಲಿ ಮಾಡಿಸಿದ ದಪ್ಪ ಗಾಜಿನ ಚಷ್ಮಾ ಒಯ್ದು ಕೊಡಲು ನಾನೇ ಮತ್ತೆ ಹೋದೆ. ಅತ್ಯಾ ಅದನ್ನು ಏರಿಸಿಕೊಂಡು ಮೊದಲು ದೇವರ ಮುಂದೆ ನಿಂತಳು, ಆಮೇಲೆ ನೆಲ ತಡವರಿಸುತ್ತ ಹಿತ್ತಲಿಗೆ ಬಂದಳು. ಮಾಮಾ ಒಂದು ಹೆಜ್ಜೆ ಹಿಂದೆ, ಬಿದ್ದರೆ ಹಿಡಿಯಲು ಕೈ ಚಾಚಿಕೊಂಡು. ಬದನೆಗಿಡದ ಎದುರು ಅವಳು ಬಗ್ಗಿ ನಿಂತಳು. ಒಂದು ಹೂವು ಬಾಗಿತು. ಅದನ್ನು ಅಪ್ಪಿಕೊಂಡು ಪಟ್ಟೆಪಟ್ಟೆಯ ಪುಟ್ಟ ಮೈಯೊಂದು ನಡುಗತೊಡಗಿತು. ನಾನು ಅಭ್ಯಾಸಬಲದಿಂದ ಕಿವಿಯ ಹತ್ತಿರ ಹೋಗಿ, ಬಹಳ ಚೆನ್ನಾಗಿ, ಮೇಲಿನ ದನಿಯಲ್ಲಿ, ಶುರುಮಾಡಿದೆ.

"ಬಾಯಿ ಮುಚ್ಚೋ ಸಿದ್ಯಾ" ಎಂದಳು ಅತ್ಯಾ, ಕಣ್ಣು ತೆಗೆಯದೆ. "ನಾ ನೋಡಾಕತ್ತೀನಿ. ಅಯ್ಯ... ಬೀಗತಿ ಸೀರಿ ಎಷ್ಟ ನೀಲಿ ಅದ!"

ಬಾಯಿ ಮುಚ್ಚು ಎಂದು ನನಗೆ ಹೇಳದವರಿಲ್ಲ. ಅಷ್ಟು ಸಂತೋಷದಿಂದ ಮುಚ್ಚಿದ್ದು ಅದೊಂದೇ ಸಲ.